ನೆಲಮಂಗಲ ದಾಟಿದ ಮೇಲೆ ತೆಗೆದ ಫೋಟೊಗಳು

ಶನಿವಾರ ಬೆಳಗಿನ ಜಾವ ತುಮಕೂರು ರಸ್ತೆ ಹಿಡಿದು ಬೆಂಗಳೂರಿನಿಂದ ಹೊರಬೀಳುವ ಕಾರುಗಳಲ್ಲಿ ಪೀಣ್ಯ, ಮಾದಾವರ, ಮಾಕಳಿ ಮುಗಿಯುವ ತನಕ ಫೋನುಗಳು ಜೇಬಿನಲ್ಲೇ ಇರುತ್ತವೆ. ನೆಲಮಂಗಲದ ಕವಲಿನಲ್ಲಿ ಹಾಸನದ ಕಡೆ ಹೊರಳಿದ ಮೇಲೋ, ತುಮಕೂರಿನ ಕಡೆ ನೇರ ಹೋಗಿ ಶಿವಗಂಗೆಯ ಬಂಡೆ ಮಂಜಿನಿಂದ ತಲೆ ಎತ್ತಿದ ಮೇಲೋ ಹಿಂದಿನ ಸೀಟಿನಿಂದ ಮೊದಲ ಕೈ ಕಿಟಕಿಗೆ ಬರುತ್ತದೆ. ಪ್ರವಾಸ ಶುರುವಾಗುವುದು ಅಲ್ಲಿಂದ. ಕವಲಿಗೆ ಅಂಟಿಕೊಂಡಂತಿರುವ ಅರಿಶಿನಕುಂಟೆ ಹೀಗಾಗಿ ಎಷ್ಟೋ ಕ್ಯಾಮೆರಾಗಳು ದಾಟಿಹೋಗುವ, ಯಾವ ಗ್ಯಾಲರಿಯಲ್ಲೂ ಉಳಿಯದ ಊರಾಗಿದೆ.

ಹೆಸರಿನಲ್ಲಿ ಕುಂಟೆ ಇದೆ. ಕಣ್ಣಿಗೆ ಬೀಳುವುದು ಬಡಾವಣೆ, ಗೋದಾಮು, ಬಾಡಿಗೆಗೆ ಬೋರ್ಡು ಹಾಕಿದ ಮನೆ, ಲಾರಿಗಳ ಸಾಲು. ಇಂಥ ಊರಿನಲ್ಲಿ ನಿಂತು ಮೊಬೈಲ್ ಫೋಟೊಗ್ರಫಿಯ ಪ್ರಶ್ನೆಯನ್ನು ನೋಡುವುದರಲ್ಲಿ ಒಂದು ಅನುಕೂಲವಿದೆ. ಸುಂದರವಾದದ್ದನ್ನು ಸುಂದರವಾಗಿ ತೆಗೆಯುವುದು ಹೇಗೆಂದು ಹೇಳಿಕೊಡುವವರಿಗೆ ಬರವಿಲ್ಲ. ಜೇಬಿನಲ್ಲಿ ಸದಾ ಕ್ಯಾಮೆರಾ ಇದ್ದೂ ತಾನಿರುವ ಊರಿನದೊಂದು ನೆಟ್ಟಗಿನ ಚಿತ್ರ ಯಾರ ಬಳಿಯೂ ಯಾಕಿಲ್ಲ ಎಂಬುದು ಅದಕ್ಕಿಂತ ಕುತೂಹಲದ ವಿಷಯ.

ಊರಲ್ಲಿ ಫೋನು ಹೊರಬರುವ ಜಾಗವೇ ಇಲ್ಲವೆಂದಲ್ಲ. ಸಂತ ಕೇಶವದಾಸರು ಸ್ಥಾಪಿಸಿದ ವಿಶ್ವಶಾಂತಿ ಆಶ್ರಮ ಇಲ್ಲಿದೆ. ಅಲ್ಲಿನ ಎತ್ತರದ ವಿಜಯ ವಿಠ್ಠಲ, ವಿಶ್ವರೂಪದ ಮೂರ್ತಿಗಳನ್ನು ನೋಡಲು ಬರುವ ಕುಟುಂಬಗಳು ಫೋಟೊ ತೆಗೆಯದೆ ಹೋಗುವುದಿಲ್ಲ. ಎತ್ತರದ ಮೂರ್ತಿಯ ಮುಂದೆ ಫೋನು ತನ್ನ ಗುಣ, ಅವಗುಣ ಎರಡನ್ನೂ ಒಟ್ಟಿಗೆ ಬಿಚ್ಚಿಡುತ್ತದೆ. ಪಾದದ ಬಳಿ ನಿಂತು ಫೋನನ್ನು ಮೇಲಕ್ಕೆ ವಾಲಿಸಿದರೆ ದೇವರು ಬೆನ್ನು ಹಿಂದಕ್ಕೆ ಬಾಗಿಸಿದಂತೆ ಕಾಣುತ್ತಾನೆ, ಪಾದ ದೊಡ್ಡದಾಗಿ ಕಿರೀಟ ಚಿಕ್ಕದಾಗುತ್ತದೆ. ಫೋನಿನ ಮುಖ್ಯ ಲೆನ್ಸ್ ವಿಶಾಲ ನೋಟದ್ದು, ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 24ರಿಂದ 26 ಮಿಲಿಮೀಟರಿನದು. ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುವುದು ಅದರ ಜಾಯಮಾನ. ಇಪ್ಪತ್ತು ಹೆಜ್ಜೆ ಹಿಂದೆ ಬಂದು, ಎರಡು ಪಟ್ಟು ಜೂಮ್ ಇಟ್ಟು, ಫೋನನ್ನು ಗೋಡೆಯಂತೆ ನೆಟ್ಟಗೆ ಹಿಡಿದರೆ ವಿಠ್ಠಲ ನೆಟ್ಟಗೆ ನಿಲ್ಲುತ್ತಾನೆ. ಇನ್ನು ಬೆಳಕಿನ ಮಾತು. ಹಿಂದೆ ಬಿಳಿ ಆಕಾಶವಿದ್ದರೆ ಫೋನು ಆಕಾಶವನ್ನು ಕಾಪಾಡಲು ಹೋಗಿ ಮುಖವನ್ನು ಕತ್ತಲಿಗೆ ತಳ್ಳುತ್ತದೆ. ಪರದೆಯ ಮೇಲೆ ಮುಖವಿರುವ ಕಡೆ ಒಮ್ಮೆ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸಿದರೆ ಬೆಳಕು ಹೇಳಿದ ಮಾತು ಕೇಳುತ್ತದೆ. ಲಕ್ಷ ರೂಪಾಯಿಯ ಫೋನು ಕೊಂಡವರಲ್ಲೂ ಈ ಗುರುತನ್ನು ಒಮ್ಮೆಯೂ ಮುಟ್ಟದವರಿದ್ದಾರೆ. ಲೆನ್ಸನ್ನು ಪಂಚೆಯ ಅಂಚಿನಲ್ಲಿ ಒರೆಸದವರಂತೂ ಇನ್ನೂ ಹೆಚ್ಚು. "ಕ್ಯಾಮೆರಾ ಹಾಳಾಗಿದೆ, ಎಲ್ಲ ಮಸುಕು" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಬೆರಳಿನ ಎಣ್ಣೆ.

ಮುಖದ ವಿಷಯದಲ್ಲಿ ದೂರದ ಲೆಕ್ಕ ಇನ್ನೂ ಕಟ್ಟುನಿಟ್ಟು. 2018ರಲ್ಲಿ ಅಮೆರಿಕದ ವೈದ್ಯರ ತಂಡವೊಂದು ಲೆಕ್ಕ ಹಾಕಿ ತೋರಿಸಿದಂತೆ, ಒಂದಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಐದಡಿ ದೂರದ ಚಿತ್ರದಲ್ಲಿರುವುದಕ್ಕಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಸೆಲ್ಫಿ ನೋಡಿಕೊಂಡು ಮೂಗು ತಿದ್ದಿಸಿಕೊಳ್ಳಲು ಬರುವವರು ಹೆಚ್ಚಾದಾಗ ಆ ವೈದ್ಯರು ಈ ಲೆಕ್ಕಕ್ಕೆ ಕೂತರಂತೆ. ತಪ್ಪು ಮೂಗಿನದಲ್ಲ, ತೋಳಿನ ಉದ್ದದ್ದು.

ಫೋನಿಗೆ ಕ್ಯಾಮೆರಾ ಬಂದ ಕಥೆ ತೀರ ಹಳೆಯದೇನಲ್ಲ. 2000ದ ನವೆಂಬರಿನಲ್ಲಿ ಜಪಾನಿನಲ್ಲಿ ಶಾರ್ಪ್ ಕಂಪನಿಯ ಫೋನೊಂದು ಮಾರುಕಟ್ಟೆಗೆ ಬಂತು. ಅದರ ಚಿತ್ರದಲ್ಲಿದ್ದದ್ದು 0.11 ಮೆಗಾಪಿಕ್ಸೆಲ್. 2007ರ ಮೊದಲ ಐಫೋನಿನಲ್ಲಿ 2 ಮೆಗಾಪಿಕ್ಸೆಲ್. 2012ರ ನೋಕಿಯಾ 808ರಲ್ಲಿ 41. ಅಲ್ಲಿಂದ ಮುಂದೆ ಅಂಕಿಯ ಓಟಕ್ಕೆ ಅರ್ಥ ಕಡಿಮೆಯಾಯಿತು, ಏಕೆಂದರೆ ಆಟ ಲೆನ್ಸಿನಿಂದ ಲೆಕ್ಕಾಚಾರಕ್ಕೆ ಜಾರಿತು. ಇಂದಿನ ಫೋನು ಗುಂಡಿ ಒತ್ತಿದಾಗ ತೆಗೆಯುವುದು ಒಂದು ಚಿತ್ರವನ್ನಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಚಿತ್ರ ಹಿಡಿದು, ಒಂದರ ಮೇಲೊಂದು ಕೂರಿಸಿ, ಬೆಳಕಿನ ಕಡೆಯ ಬಣ್ಣವನ್ನು ಒಂದರಿಂದ, ನೆರಳಿನ ಕಡೆಯ ವಿವರವನ್ನು ಇನ್ನೊಂದರಿಂದ ಎತ್ತಿಕೊಂಡು ಹೊಸದೊಂದನ್ನು ಹೊಲಿಯುತ್ತದೆ. 2018ರ ಹೊತ್ತಿಗೆ ಕೈಯಲ್ಲಿ ಹಿಡಿದೇ ರಾತ್ರಿಯ ಚಿತ್ರ ತೆಗೆಯುವ ಸೌಲಭ್ಯ ಬಂದದ್ದು ಈ ಹೊಲಿಗೆಯಿಂದ. ಜಾತ್ರೆಯ ದೀಪದಲ್ಲಿ ರಥ ಸ್ಪಷ್ಟವಾಗಿ ಬಂದು, ಅದರ ಮುಂದೆ ಕುಣಿಯುವವನಿಗೆ ಮೂರು ಕೈ ಮೂಡುವುದೂ ಇದರಿಂದಲೇ.

ಹೊಲಿಗೆ ಎಲ್ಲಿ ಮುಗಿದು ಕಲ್ಪನೆ ಎಲ್ಲಿ ಶುರುವಾಗುತ್ತದೆ ಎಂಬ ಜಗಳ 2023ರ ಮಾರ್ಚಿನಲ್ಲಿ ಚಂದ್ರನ ಮೇಲೆ ನಡೆಯಿತು. ಬೇಕೆಂದೇ ಮಸುಕುಗೊಳಿಸಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು ಒಬ್ಬರು ಸ್ಯಾಮ್‌ಸಂಗ್ ಫೋನಿನಲ್ಲಿ ತೆಗೆದರು. ಪರದೆಯ ಮೇಲೆ ಇಲ್ಲದ ಕುಳಿಗಳು ಫೋಟೊದಲ್ಲಿ ಮೂಡಿದ್ದವು. ಚಂದ್ರ ಹೇಗಿರುತ್ತಾನೆಂದು ಫೋನಿಗೆ ಮೊದಲೇ ಗೊತ್ತಿತ್ತು. ಸದ್ಯ, ಅರಿಶಿನಕುಂಟೆ ಹೇಗಿರುತ್ತದೆಂದು ಯಾವ ಫೋನಿಗೂ ಇನ್ನೂ ಗೊತ್ತಿಲ್ಲ.

ಫೋನು ಎಲ್ಲಿಂದಲೋ ಬಂದದ್ದೆಂಬ ಭಾವನೆಯೂ ಈ ರಸ್ತೆಯ ಮಟ್ಟಿಗೆ ಈಗ ಸರಿಯಲ್ಲ. ಭಾರತದಲ್ಲಿ ಮೊದಲು ಜೋಡಣೆಯಾದ ಐಫೋನು 2017ರಲ್ಲಿ ಹೊರಬಂದದ್ದು ಇದೇ ತುಮಕೂರು ರಸ್ತೆಯ ಪೀಣ್ಯದ ವಿಸ್ಟ್ರಾನ್ ಘಟಕದಿಂದ. 2025ರಲ್ಲಿ ಅರಿಶಿನಕುಂಟೆಯದೇ ಜಿಲ್ಲೆಯ ದೇವನಹಳ್ಳಿ ಬಳಿ ಫಾಕ್ಸ್‌ಕಾನ್ ಕಾರ್ಖಾನೆಯಲ್ಲೂ ಐಫೋನ್ ಜೋಡಣೆ ಆರಂಭವಾಯಿತು. ರಾಗಿ, ದ್ರಾಕ್ಷಿ, ಚಕ್ಕೋತಕ್ಕೆ ಹೆಸರಾದ ಸೀಮೆ ಈಗ ಕ್ಯಾಮೆರಾವನ್ನೂ ಬೆಳೆಯುತ್ತಿದೆ.

ಫೋನಿನ ಕ್ಯಾಮೆರಾಗೆ ಮುಂಚಿನ ಕಾಲದಲ್ಲಿ ಫೋಟೊ ಎಂದರೆ ಖರ್ಚು. ರೀಲಿನಲ್ಲಿ 36 ಚಿತ್ರ. ಬುದ್ಧಿವಂತರು 37ನೆಯದನ್ನೂ ಹಿಂಡುತ್ತಿದ್ದರು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ 'ಇಂದು' ಕಪ್ಪು ಬಿಳುಪು ರೀಲನ್ನು ತಂದು, ಕ್ಯಾಮೆರಾಗೆ ತುಂಬಿ, ಮುಗಿದ ಮೇಲೆ ಸ್ಟುಡಿಯೊಗೆ ಕೊಟ್ಟು ತೊಳೆಸಿ, ಪ್ರಿಂಟ್ ಬರುವವರೆಗೆ ಕಾಯಬೇಕು. ಬೇಲೂರು, ಹಳೇಬೀಡಿಗೆ ಹೋದ ಇಡೀ ಕುಟುಂಬ ಕಣ್ಣು ಮುಚ್ಚಿಕೊಂಡಿದೆ ಎಂದು ವಾರದ ಮೇಲೆ ತಿಳಿಯುತ್ತಿತ್ತು.

ಅದಕ್ಕೂ ಹಿಂದೆ ಹೋದರೆ, ಕನ್ನಡ ನಾಡಿನ ಪ್ರವಾಸದ ಚಿತ್ರಗಳಲ್ಲಿ ತೀರ ಮೊದಲಿನವು ದೊರೆಯುತ್ತವೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಗೆ ದೊಡ್ಡ ಪೆಟ್ಟಿಗೆಯ ಕ್ಯಾಮೆರಾ ಸಾಗಿಸಿ, ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಕಲ್ಲಿನ ರಥ, ಮಂಟಪ, ಗೋಪುರಗಳನ್ನು ಹಿಡಿದ. ಒಂದೊಂದು ನೆಗೆಟಿವ್ ಹೆಚ್ಚುಕಡಿಮೆ ಒಂದೂವರೆ ಅಡಿಯದು. ಬೆಳಕಿಗೆ ಒಡ್ಡಿದರೆ ನಿಮಿಷಗಟ್ಟಲೆ ಕಾಯಬೇಕು, ಅಷ್ಟು ಹೊತ್ತು ಅಲುಗದೆ ಇರುವುದು ಕಲ್ಲಿಗೆ ಮಾತ್ರ ಸಾಧ್ಯ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ ಯಾವ ಗೋಪುರ ಕುಸಿದಿದೆ, ಯಾವುದು ದುರಸ್ತಿಯಾಗಿದೆ ಎಂದು ಶಾಸನ ಓದಿದಷ್ಟು ಸ್ಪಷ್ಟವಾಗಿ ತಿಳಿಯುತ್ತದೆ. ಕಲ್ಲಿನ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವಿತ್ತೆಂಬುದಕ್ಕೆ ಗ್ರೀನ್‌ಲಾನ ಕಾಗದ ಸಾಕ್ಷಿ. ಇವತ್ತು ಆ ರಥ ಐವತ್ತು ರೂಪಾಯಿ ನೋಟಿನ ಮೇಲಿದೆ, ಶಿಖರವಿಲ್ಲದೆ.

ದಿನನಿತ್ಯದ ಬದುಕಿನ ಕಡೆ ಕ್ಯಾಮೆರಾ ತಿರುಗಿಸಿದವರ ಹೆಸರು ಹೇಳಬೇಕೆಂದರೆ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಮೊದಲು ನೆನಪಾಗುತ್ತಾರೆ. ಸಿಡುಬು ನಿರ್ಮೂಲನೆಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಿಸಿದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಅವರನ್ನು ಜನ ನೆನೆಯುವುದು ಆಡುವ ಮಕ್ಕಳು, ಬೀದಿ, ಅಂಗಡಿ, ಹಳ್ಳಿಯ ಜಗಲಿ ಇಂಥ ಚಿತ್ರಗಳಿಗಾಗಿ. ಅವರ ಕಾಲದಲ್ಲಿ ಅಂಥ ಚಿತ್ರಕ್ಕೆ ರೀಲು ಸುಡುವುದು ಹಲವರಿಗೆ ದುಂದಾಗಿ ಕಂಡಿರಬೇಕು. ಈಗ ದುಂದಿನ ಮಾತೇ ಇಲ್ಲ, ಆದರೂ ಜಗಲಿಯ ಕಡೆ ಫೋನು ತಿರುಗುವುದು ಅಪರೂಪ.

ಬದಲಿಗೆ ಅದು ತಿರುಗುವುದು ಬಂಡೆಯ ತುದಿಗೆ. ಶಿವಗಂಗೆಯ ಬೆಟ್ಟ ಅರಿಶಿನಕುಂಟೆಯವರಿಗೆ ಮನೆಯಂಗಳದ ಪ್ರವಾಸ, ಅದೇ ತಾಲ್ಲೂಕಿನದು. ಒಳಕಲ್ಲು ತೀರ್ಥ, ತುದಿಯ ಕಡಿದಾದ ಬಂಡೆಯ ಮೇಲೆ ಕೂತ ಬಸವ, ಶಾಂತಲೆಯ ಹೆಸರು ಹೊತ್ತ ಪ್ರಪಾತ ಎಲ್ಲವೂ ಫೋನಿಗೆ ಹಬ್ಬ. ಬೆಳಿಗ್ಗೆ ಬೇಗ ಏರಿದರೆ ಬೆಳಕು ಅಡ್ಡ ಬೀಳುವುದರಿಂದ ಬಂಡೆಯ ಸುಕ್ಕುಗಳೆಲ್ಲ ಎದ್ದು ಕಾಣುತ್ತವೆ. ಹನ್ನೊಂದರ ಮೇಲೆ ಅದೇ ಬಂಡೆ ಸುಣ್ಣ ಬಳಿದ ಗೋಡೆ. ಪ್ರವಾಸದ ಚಿತ್ರಗಳ ಬಗ್ಗೆ ಹೇಳಬಹುದಾದ ಅರ್ಧ ಮಾತು ಇದರಲ್ಲೇ ಮುಗಿಯುತ್ತದೆ. ಬೆಟ್ಟ ಎಷ್ಟು ದೊಡ್ಡದೆಂದು ತೋರಿಸಲು ಚಿತ್ರದಲ್ಲಿ ಮೆಟ್ಟಿಲು ಹತ್ತುವ ಒಬ್ಬ ಮನುಷ್ಯ ಬೇಕು. ಅವನು ಕ್ಯಾಮೆರಾ ಕಡೆ ನೋಡದಿದ್ದರೆ ಒಳ್ಳೆಯದು.

ಇನ್ನರ್ಧ ಮಾತು ಸಾವಿನದು. 2023ರ ಜುಲೈನಲ್ಲಿ ಕೊಲ್ಲೂರು ಸಮೀಪದ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಭದ್ರಾವತಿಯ ಯುವಕ ಕಾಲು ಜಾರಿ ನೀರಿಗೆ ಬಿದ್ದ. ಗೆಳೆಯ ವಿಡಿಯೊ ಮಾಡುತ್ತಲೇ ಇದ್ದ. ನಾಡೆಲ್ಲ ಆ ಕ್ಷಣವನ್ನು ಫೋನಿನಲ್ಲಿ ನೋಡಿತು. 2017ರ ಅಕ್ಟೋಬರಿನಲ್ಲಿ ಬಿಡದಿ ಬಳಿ ರೈಲು ಹಳಿಯ ಮೇಲೆ ಮೂವರು ಹುಡುಗರು ಸತ್ತಾಗ ಪೊಲೀಸರು ಶಂಕಿಸಿದ್ದು ಸೆಲ್ಫಿಯನ್ನೇ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಕಾರಿನಿಂದಿಳಿದು ಆನೆಯ ಹತ್ತಿರ ಹೋದ ಪ್ರವಾಸಿ ತುಳಿತಕ್ಕೆ ಸಿಕ್ಕಿಯೂ ಬದುಕಿದ. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಇಲ್ಲೆಲ್ಲ ಲೆನ್ಸಿನ ಗುಣ ಮತ್ತೆ ಕೆಲಸ ಮಾಡುತ್ತದೆ. ವಿಶಾಲ ಲೆನ್ಸಿನಲ್ಲಿ ಆನೆ ದೂರವಿದ್ದಂತೆ, ಜಲಪಾತ ಚಿಕ್ಕದಾದಂತೆ ಕಾಣುತ್ತದೆ. "ಇನ್ನೊಂದು ಹೆಜ್ಜೆ" ಎಂದು ಪರದೆ ಕರೆಯುತ್ತದೆ. ಕಾಡಿನ ಚಿತ್ರಕ್ಕೆ ಫೋನು ತಕ್ಕ ಸಾಧನವೇ ಅಲ್ಲವೆಂದು ಬಾಯಿಬಿಟ್ಟು ಹೇಳಿಬಿಡಬೇಕು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಮೂಡಿಗೆರೆಯ ತೇಜಸ್ವಿ ದೂರದ ಲೆನ್ಸು ಹಿಡಿದು ದಿನಗಟ್ಟಲೆ ಅಡಗಿ ಕೂತವರು. ಅವರು ಕಾದದ್ದನ್ನು ಕಾರಿನ ಕಿಟಕಿಯಿಂದ ಹತ್ತು ಸೆಕೆಂಡಿನಲ್ಲಿ ಪಡೆಯುವ ಆಸೆ ಫೋನಿನ ತಪ್ಪೇನಲ್ಲ.

ಎಲ್ಲಿ ತೆಗೆಯಬಹುದು, ಎಲ್ಲಿ ಕೂಡದು ಎಂಬ ನಿಯಮಗಳು ಎರಡು ದಿಕ್ಕಿಗೆ ಸಾಗಿವೆ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ 2018ರ ಜುಲೈನಲ್ಲಿ ಕೆಲವೇ ತಾಣ ಬಿಟ್ಟು ತನ್ನ ಸ್ಮಾರಕಗಳಲ್ಲೆಲ್ಲ ಫೋಟೊಗೆ ಬಾಗಿಲು ತೆರೆಯಿತು. ಕರ್ನಾಟಕದ ಮುಜರಾಯಿ ಇಲಾಖೆ 2023ರ ಜುಲೈನಲ್ಲಿ ತನ್ನ ದೇವಸ್ಥಾನಗಳೊಳಗೆ ಮೊಬೈಲ್ ಬಳಕೆಯನ್ನೇ ನಿಷೇಧಿಸಿತು. ಮಂಗಳಾರತಿಗೆ ಕೈ ಮುಗಿಯಬೇಕಾದ ಹೊತ್ತಿನಲ್ಲಿ ಎಲ್ಲರ ಕೈಯೂ ಫೋನು ಹಿಡಿದು ಮೇಲಿರುವುದನ್ನು ಕಂಡಿದ್ದ ಅರ್ಚಕರಿಗೆ ಸಮಾಧಾನವಾಗಿರಬೇಕು. ಮದುವೆ ಮನೆಗೆ ಮಾತ್ರ ಅಂಥ ಆದೇಶ ಯಾರೂ ಹೊರಡಿಸಿಲ್ಲ. ಧಾರೆಯ ವೇಳೆಗೆ ಮುಂದಿನ ಸಾಲು ಎದ್ದು ನಿಂತು ಫೋನು ಎತ್ತಿದರೆ, ದುಡ್ಡು ಕೊಟ್ಟು ಕರೆಸಿದ ಫೋಟೊಗ್ರಾಫರಿಗೆ ಸಿಗುವುದು ಫೋನುಗಳ ಬೆನ್ನು. ಅಕ್ಷತೆ ಹಿಡಿದ ಕೈ ಒಂದೂ ಇಲ್ಲ.

ಜನರನ್ನು ತೆಗೆಯುವ ಪ್ರಶ್ನೆ ಇದಕ್ಕಿಂತ ಜಟಿಲ. 2024ರ ನವೆಂಬರಿನಿಂದ ನಮ್ಮ ಮೆಟ್ರೊದ ಹಸಿರು ಮಾರ್ಗ ಮಾದಾವರದವರೆಗೆ ಬಂದಿದ್ದು, ನೆಲಮಂಗಲ ಕಡೆಯ ಹೆಣ್ಣುಮಕ್ಕಳು ಕೆಲಸಕ್ಕೆ, ಕಾಲೇಜಿಗೆ ಅದನ್ನು ಹಿಡಿಯುತ್ತಾರೆ. 2025ರ ಮೇನಲ್ಲಿ ಅದೇ ಮೆಟ್ರೊದಲ್ಲಿ ಪ್ರಯಾಣಿಸುವ ಮಹಿಳೆಯರನ್ನು ಗೊತ್ತಿಲ್ಲದಂತೆ ಚಿತ್ರಿಸಿ ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಖಾತೆಯೊಂದು ಬೆಳಕಿಗೆ ಬಂದು ಬೆಂಗಳೂರು ಪೊಲೀಸರು ಪ್ರಕರಣ ದಾಖಲಿಸಿದರು. ಸಾರ್ವಜನಿಕ ಜಾಗ ಎಂಬ ಮಾತು ಎಲ್ಲಕ್ಕೂ ಪರವಾನಗಿಯಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಜೊತೆ ನಿಂತ ರೈತನ ಬಳಿ "ಅಣ್ಣಾ, ಒಂದು ಫೋಟೊ ತೆಗೀಲಾ?" ಎಂದು ಕೇಳಿದರೆ ಅವರು ಎತ್ತಿನ ಕೊಂಬು ಒರೆಸಿ, ಹಗ್ಗ ಬಿಗಿ ಹಿಡಿದು, ತಾವೂ ನೆಟ್ಟಗೆ ನಿಲ್ಲುತ್ತಾರೆ. ಸಹಜತೆ ಹೋಯಿತೆಂದು ಕೊರಗುವವರಿದ್ದಾರೆ. ತನ್ನ ಎತ್ತಿನ ಜೊತೆ ಹೇಗೆ ಕಾಣಬೇಕೆಂದು ಆ ಮನುಷ್ಯ ತಾನೇ ತೀರ್ಮಾನಿಸಿದ ಚಿತ್ರ ಕಡಿಮೆಯದೇನಲ್ಲ. ಅದನ್ನು ಅವರ ವಾಟ್ಸ್‌ಆ್ಯಪಿಗೂ ಕಳಿಸಿದರೆ ಬಾಕಿ ತೀರಿತು. ಅಂದಹಾಗೆ, ಆ ಚಿತ್ರದಲ್ಲಿ ಅವರ ಬಣ್ಣ ಅವರದೇ ಆಗಿರಲಿ: ಎಷ್ಟೋ ಫೋನುಗಳಲ್ಲಿ 'ಬ್ಯೂಟಿ' ಮೊದಲೇ ಆನ್ ಆಗಿದ್ದು ಎಣ್ಣೆಗಪ್ಪಿನ ಮುಖಕ್ಕೆಲ್ಲ ಪೌಡರ್ ಬಳಿಯುತ್ತದೆ, ಬಿಸಿಲು ಕೊರೆದ ಗೆರೆಗಳನ್ನು ಇಸ್ತ್ರಿ ಮಾಡುತ್ತದೆ.

ವಿಚಿತ್ರವೆಂದರೆ, ಹಳ್ಳಿಯ ಜನರ ಕೈಗೆ ಕ್ಯಾಮೆರಾ ಕೊಟ್ಟು ದಿನನಿತ್ಯದ ಚಿತ್ರ ತೆಗೆಸಿದ್ದು ಕಲಾವಿದರಲ್ಲ, ಸರ್ಕಾರ. 2020ರಿಂದ ಕರ್ನಾಟಕದ ರೈತರು ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ತಮ್ಮ ಹೊಲದಲ್ಲೇ ನಿಂತು ಬೆಳೆಯ ಫೋಟೊ ತೆಗೆದು ಏರಿಸಬಹುದಾಗಿದೆ. ಪಹಣಿಯಲ್ಲಿ ರಾಗಿ ಎಂದು ಕೂರಬೇಕಾದರೆ, ಬೆಂಬಲ ಬೆಲೆಗೋ ಬೆಳೆ ವಿಮೆಗೋ ಅರ್ಹತೆ ಬೇಕಾದರೆ, ಆ ಚಿತ್ರ ಮುಖ್ಯ. ಉದ್ಯೋಗ ಖಾತರಿ ಕೆಲಸದಲ್ಲಿ 2023ರ ಜನವರಿ 1ರಿಂದ ದಿನಕ್ಕೆರಡು ಸಲ ಕೂಲಿಕಾರರ ಫೋಟೊ ಕಡ್ಡಾಯವಾಯಿತು. ಮನುಷ್ಯನ ಜಾಣತನ ಅಲ್ಲೂ ಬಿಡಲಿಲ್ಲ. ಹಳೆಯ ಫೋಟೊದ್ದೇ ಫೋಟೊ ತೆಗೆದು ಹಾಜರಿ ಹಾಕುತ್ತಿದ್ದಾರೆಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆಯಲ್ಲಿ ಬರೆಯಿತು. ಹೀಗೆ ಹೊಲದ ಬದುವಿನಲ್ಲಿ ತೆಗೆದ ರಾಗಿ, ಅವರೆ, ಜೋಳದ ಅಸಂಖ್ಯ ಚಿತ್ರಗಳು ಯಾವುದೋ ಸರ್ವರಿನಲ್ಲಿವೆ. ತೆಗೆದ ರೈತನ ಮನೆಯಲ್ಲಿ ಒಂದೂ ಇಲ್ಲ.

ಊರಿನ ಚಿತ್ರ ಊರಿಗೇ ಉಪಯೋಗವಾದ ಉದಾಹರಣೆ ಬೇಕಿದ್ದರೆ ಶಾಸನಗಳ ಕಡೆ ನೋಡಬೇಕು. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ನೆಲಮಂಗಲ ತಾಲ್ಲೂಕಿನವೂ ಅದರಲ್ಲಿವೆ. ಗಂಗರ ಮಾನ್ಯಪುರವೆನಿಸಿದ್ದ ಮಣ್ಣೆ ಇದೇ ತಾಲ್ಲೂಕು. ಆಮೇಲೆ ಊರು ಬೆಳೆಯುತ್ತ ಕೆಲವು ಕಲ್ಲು ಬಟ್ಟೆ ಒಗೆಯಲು, ಕೆಲವು ಚರಂಡಿಯ ಚಪ್ಪಡಿಗೆ ಹೋದವು. ಇಂಥವನ್ನು ಹುಡುಕಿ ಉಳಿಸುವ ಕೆಲಸ ಪಿ.ಎಲ್. ಉದಯಕುಮಾರ್ ಮತ್ತು ಗೆಳೆಯರಿಂದ ಮೊದಲಾಗಿ, 2021ರಿಂದ ಮಿಥಿಕ್ ಸೊಸೈಟಿಯ ಮೂರು ಆಯಾಮದ ಸ್ಕ್ಯಾನಿಂಗ್ ಯೋಜನೆಯಾಗಿ ಬೆಳೆದಿದೆ. ಸ್ಕ್ಯಾನರ್ ಎಲ್ಲರ ಬಳಿ ಇರುವುದಿಲ್ಲ. ಫೋನು ಇದೆ, ಅದಕ್ಕೊಂದು ಉಪಾಯವೂ ಇದೆ: ಕಲ್ಲನ್ನು ನೇರ ಬಿಸಿಲಿನಲ್ಲಿ ತೆಗೆದರೆ ಅಕ್ಷರ ಮಾಯ. ಮುಸ್ಸಂಜೆಯ ಮೇಲೆ ಇನ್ನೊಂದು ಫೋನಿನ ಟಾರ್ಚನ್ನು ಕಲ್ಲಿಗೆ ಒರಗಿದಂತೆ ಪಕ್ಕದಿಂದ ಹಿಡಿದರೆ ಸವೆದ ಹಳೆಗನ್ನಡ ನೆರಳಾಗಿ ಎದ್ದು ಬರುತ್ತದೆ. ಎಡದಿಂದೊಮ್ಮೆ, ಬಲದಿಂದೊಮ್ಮೆ, ಮೇಲಿನಿಂದೊಮ್ಮೆ. ಸೀಮೆಸುಣ್ಣ ತುಂಬುವ ಹಳೆಯ ಅಭ್ಯಾಸಕ್ಕಿಂತ ಇದು ಕಲ್ಲಿಗೂ ಕ್ಷೇಮ.

ತೆಗೆದದ್ದು ಉಳಿಯುತ್ತದೆಯೇ ಎಂಬುದು ಕಡೆಯ ತೊಡಕು. ಗೂಗಲ್ ಫೋಟೋಸ್ 2021ರ ಜೂನ್ 1ಕ್ಕೆ ಮಿತಿಯಿಲ್ಲದ ಉಚಿತ ಜಾಗವನ್ನು ನಿಲ್ಲಿಸಿತು; ಮೇಲ್ ಎಲ್ಲ ಸೇರಿ 15 ಜಿಬಿ ತುಂಬಿದ ಮೇಲೆ ದುಡ್ಡು. ಆಗಿನಿಂದ ಮನೆಮನೆಯಲ್ಲೂ 'ಸ್ಟೋರೇಜ್ ಫುಲ್' ಎಂಬ ಗೋಳು. ಅಳಿಸಲು ಕೂತವರು ಮೊದಲು ಅಳಿಸುವುದು ಗುಡ್ ಮಾರ್ನಿಂಗ್ ಹೂಗಳನ್ನಲ್ಲ, ಮಸುಕಾದ ತಮ್ಮದೇ ಚಿತ್ರಗಳನ್ನು. ವಾಟ್ಸ್‌ಆ್ಯಪಿನಲ್ಲಿ ಹಾಗೇ ಕಳಿಸಿದ ಚಿತ್ರ ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆ ತಲುಪುತ್ತದೆ, ತೆಗೆದ ದಿನಾಂಕವೂ ಜೊತೆಗೆ ಬರುತ್ತದೆ. ಪಾಸ್‌ಪೋರ್ಟ್ ಸೈಜಿನ ಮೇಲೆ ಬದುಕುತ್ತಿರುವ ಸ್ಟುಡಿಯೊಗಳು ಇಂದಿಗೂ ಪ್ರಿಂಟ್ ಹಾಕಿಕೊಡುತ್ತವೆ. ವರ್ಷಕ್ಕೆ ಇಪ್ಪತ್ತು ಚಿತ್ರ ಆರಿಸಿ, ಹಿಂದೆ ಪೆನ್ಸಿಲಿನಲ್ಲಿ ಊರು, ದಿನಾಂಕ ಬರೆದಿಟ್ಟ ಮನೆಯವರು ಯಾವ ಪಾಸ್‌ವರ್ಡನ್ನೂ ನೆನಪಿಡಬೇಕಿಲ್ಲ.

ದಿನಾಂಕ ಬರೆಯದಿದ್ದರೂ ಚಿತ್ರ ತಾನೇ ಬಾಯಿಬಿಡುವುದುಂಟು. ನೆಲಮಂಗಲದ ಕವಲಿನಿಂದ ಹಾಸನ, ಮಂಗಳೂರಿಗೆ ಹೋಗುವ ಹೆದ್ದಾರಿಯ ಸಂಖ್ಯೆ ಹಿಂದೆ 48, ತುಮಕೂರು ಪುಣೆಯದು 4. ಸಂಖ್ಯೆಗಳು ಬದಲಾದ ಮೇಲೆ ಹಾಸನದ ದಾರಿ 75 ಆಯಿತು, 48 ಎಂಬುದು ಪಕ್ಕದ ತುಮಕೂರು ರಸ್ತೆಗೆ ಬಂತು. ಯಾರದೋ ಹನಿಮೂನ್ ಫೋಟೊದಲ್ಲಿ ಹಾಸನದ ಬಾಣದ ಗುರುತಿನ ಮೇಲೆ 48 ಎಂದಿದ್ದರೆ ಅದು ಬದಲಾವಣೆಗೆ ಮುಂಚಿನದೆಂದು ಲೆಕ್ಕ. ದಂಪತಿ ಬೋರ್ಡನ್ನು ತೆಗೆಯಲು ನಿಂತಿರಲಿಲ್ಲ. ಅದು ಹಿನ್ನೆಲೆಯಲ್ಲಿ ಸುಮ್ಮನೆ ಸೇರಿಕೊಂಡಿತ್ತು.

ಈಗಿನ ಫೋನುಗಳ 'ಪೋರ್ಟ್ರೇಟ್' ಮೋಡ್ ಹಿನ್ನೆಲೆಯನ್ನು ಮೃದುವಾಗಿ ಅಳಿಸಿಬಿಡುತ್ತದೆ. ಅರಿಶಿನಕುಂಟೆಯ ಮನೆಯೊಂದರ ಮುಂದೆ ಹುಟ್ಟುಹಬ್ಬದ ಮಗುವನ್ನು ನಿಲ್ಲಿಸಿ ತೆಗೆದ ಚಿತ್ರದಲ್ಲಿ ಮಗುವಿನ ರೆಪ್ಪೆ ರೆಪ್ಪೆಯೂ ಎಣಿಸುವ ಹಾಗಿದ್ದು, ಹಿಂದಿನ ಎದುರು ಮನೆ, ಹಾಲಿನ ಬೂತು, ಇನ್ನೂ ಸೈಟಾಗದೆ ಉಳಿದ ತುಂಡು ಹೊಲ ಎಲ್ಲ ಬಣ್ಣದ ಹೊಗೆಯಾಗಿರುತ್ತದೆ. ಆ ಮೋಡನ್ನು ತೆಗೆದು, ನಾಲ್ಕು ಹೆಜ್ಜೆ ಹಿಂದೆ ಹೋಗಿ ಇನ್ನೊಂದು ಕ್ಲಿಕ್ ಮಾಡಲು ಎರಡು ಸೆಕೆಂಡು ಸಾಕು. ಮುಂದಿನ ವರ್ಷವೂ ಮಗುವನ್ನು ಅದೇ ಮೆಟ್ಟಿಲಿನ ಮೇಲೆ ನಿಲ್ಲಿಸಿದರೆ, ಮಗುವಿನ ಎತ್ತರ ಎಷ್ಟು ಏರಿತು, ಹೊಲದ ಮೇಲೆ ಎಷ್ಟು ಅಂತಸ್ತು ಏರಿತು ಎರಡನ್ನೂ ಒಂದೇ ಚಿತ್ರದಲ್ಲಿ ಅಳೆಯಬಹುದು.